ಮೀಸೆ ನೋಡಬೇಡಿ, ಹುಟ್ಟಿದ ತಾರೀಖು ನೋಡಿ

ಬಾರ್ ಮತ್ತು ಪಬ್‌ ಕೌಂಟರ್‌ಗಳಲ್ಲಿ ಕೆಲಸ ಮಾಡುವ ಓದುಗರು ಗಿರಾಕಿಗಳ ವಯಸ್ಸು ಪರಿಶೀಲಿಸುವ ಬಗ್ಗೆ ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಉತ್ತರಗಳು.

ಪ್ರಶ್ನೆ: ನಮ್ಮಲ್ಲಿ ಕೆಲವರು 18 ಆಗಿದ್ದರೆ ಸಾಕು ಅಂತಾರೆ, ಕೆಲವರು 21 ಅಂತಾರೆ. ಕರ್ನಾಟಕದಲ್ಲಿ ನಿಜವಾಗಿ ಎಷ್ಟು?
– ಬಾರ್ ನೌಕರ, ಹುಬ್ಬಳ್ಳಿ

21. ಗೊಂದಲಕ್ಕೆ ಕಾರಣವಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ದಂಡನೆಯ ಕಲಮಿನಲ್ಲಿ 18 ಎಂದಿದೆ. ಆದರೆ ಬಾರಿನ ಸನ್ನದು ನಡೆಯುವುದು 1967ರ ಸನ್ನದು ಷರತ್ತುಗಳ ನಿಯಮಗಳ ಮೇಲೆ, ಅಲ್ಲಿ 21ಕ್ಕಿಂತ ಕಡಿಮೆ ವಯಸ್ಸಿನವರಿಗೆ ಮಾರಬಾರದು ಎಂದಿದೆ. ಇದನ್ನು 18ಕ್ಕೆ ಇಳಿಸಲು 2023ರ ಜನವರಿಯಲ್ಲಿ ಸರ್ಕಾರ ಕರಡು ಹೊರಡಿಸಿತ್ತು. ವಿರೋಧ ಬಂದ ಮೇಲೆ ಕೈಬಿಟ್ಟಿತು. ‘18 ಆಯ್ತಲ್ಲ ಸಾರ್, ಪೇಪರ್‌ನಲ್ಲಿ ಬಂದಿತ್ತು’ ಎನ್ನುವವರು ನೆನಪಿಟ್ಟುಕೊಂಡಿರುವುದು ಆ ಕರಡನ್ನು.

18ರ ಕೆಳಗಿನವರಿಗೆ ಕೊಟ್ಟರೆ ವಿಷಯ ಸನ್ನದಿಗೆ ನಿಲ್ಲುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನ ಪ್ರಕಾರ ಮಕ್ಕಳಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆ ಕಲಮು ಮಾಲೀಕ, ನೌಕರ ಎಂದು ಬೇರೆ ಮಾಡಿಲ್ಲ. ಕೊಟ್ಟವರು ಎಂದಷ್ಟೇ ಹೇಳುತ್ತದೆ. ಗ್ಲಾಸು ಮುಂದಿಡುವವರು ನೀವೇ ಅನ್ನುವುದನ್ನು ಮರೆಯಬೇಡಿ.

ಗೋವಾದಲ್ಲಿ 18, ಕೇರಳದಲ್ಲಿ 23, ದೆಹಲಿಯಲ್ಲಿ 25. ಗಿರಾಕಿ ಯಾವ ಊರಿನವರು ಅನ್ನುವುದು ಲೆಕ್ಕಕ್ಕಿಲ್ಲ. ಕೌಂಟರ್ ಇರುವ ರಾಜ್ಯದ ನಿಯಮವೇ ನಡೆಯುತ್ತದೆ.

ಪ್ರಶ್ನೆ: ಶನಿವಾರ ರಾತ್ರಿ ಕೌಂಟರ್ ಮುಂದೆ ಜನ ಮುಗಿಬಿದ್ದಿರುವಾಗ ವಯಸ್ಸಿನ ಲೆಕ್ಕ ತಪ್ಪುತ್ತದೆ. ಬೇಗ ನೋಡುವ ದಾರಿ ಏನು?
– ಬಾರ್‌ಟೆಂಡರ್, ಕೋರಮಂಗಲ

ವಯಸ್ಸು ಲೆಕ್ಕ ಹಾಕಲೇಬೇಡಿ. ದಿನಾ ಸಂಜೆ ಬಾಗಿಲು ತೆರೆಯುವ ಮುಂಚೆ ಒಂದು ತಾರೀಖನ್ನು ಚೀಟಿಯಲ್ಲಿ ಬರೆದು ಬಿಲ್ಲಿಂಗ್ ಯಂತ್ರದ ಪಕ್ಕ ಅಂಟಿಸಿ: ಇವತ್ತಿಗೆ ಸರಿಯಾಗಿ 21 ವರ್ಷ ಹಿಂದಿನ ದಿನ. 2026ರ ಮಾರ್ಚ್ 10 ಆದರೆ ಚೀಟಿಯಲ್ಲಿ 10-3-2005. ಅಂದು ಅಥವಾ ಅದಕ್ಕಿಂತ ಮೊದಲು ಹುಟ್ಟಿದವರಿಗೆ ಕೊಡಬಹುದು. ಆಮೇಲೆ ಹುಟ್ಟಿದವರಿಗೆ ಇಲ್ಲ.

ಎಲ್ಲರೂ ಮಾಡುವ ತಪ್ಪು ಇಸವಿಯನ್ನಷ್ಟೇ ಕಳೆಯುವುದು. 2005ರ ನವೆಂಬರ್‌ನಲ್ಲಿ ಹುಟ್ಟಿದ ಹುಡುಗನಿಗೆ ಆ ಲೆಕ್ಕದಲ್ಲಿ 21 ಬರುತ್ತದೆ, ಆದರೆ ಮಾರ್ಚ್‌ನಲ್ಲಿ ಅವನಿಗೆ ಇನ್ನೂ 20.

ಕೆಲವು ಹಳೆಯ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. ಆಗ ಅದನ್ನು ಆ ವರ್ಷದ ಡಿಸೆಂಬರ್ 31 ಎಂದೇ ಹಿಡಿಯಿರಿ. ಕಾರ್ಡಿನಲ್ಲಿ 2005 ಎಂದಷ್ಟೇ ಇದ್ದರೆ 2026ರಲ್ಲಿ ಪೂರ್ಣ ತಾರೀಖಿರುವ ಬೇರೆ ದಾಖಲೆ ಕೇಳಿ. ಜನವರಿ 1 ಅಥವಾ ಜೂನ್ 1 ಎಂದು ಕಂಡ ತಕ್ಷಣ ನಕಲಿ ಅನ್ನಬೇಡಿ. ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸಿದ ತಾರೀಖುಗಳು ನಮ್ಮಲ್ಲಿ ಎಷ್ಟೋ ಜನರಿಗೆ ಇವೆ.

ಪ್ರಶ್ನೆ: ಯಾವ ಕಾರ್ಡು ನಂಬಬಹುದು? ಈಗ ಎಲ್ಲರೂ ಮೊಬೈಲ್‌ನಲ್ಲಿ ಫೋಟೊ ತೋರಿಸುತ್ತಾರೆ.
– ಪಬ್ ಫ್ಲೋರ್ ಮ್ಯಾನೇಜರ್, ಮಂಗಳೂರು

ಗ್ಯಾಲರಿಯಲ್ಲಿರುವ ಫೋಟೊ, ಸ್ಕ್ರೀನ್‌ಶಾಟ್, ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ – ಯಾವುದನ್ನೂ ಒಪ್ಪಬೇಡಿ. ಒಂದು ಅಂಕಿ ಬದಲಿಸಲು ಮೊಬೈಲ್ ಆ್ಯಪ್ ಸಾಕು. ಡಿಜಿಲಾಕರ್ ಒಪ್ಪಬಹುದು, ಅಲ್ಲಿಗೆ ಇಲಾಖೆಯೇ ಕಳಿಸಿದ ದಾಖಲೆಗೆ ಮೂಲ ದಾಖಲೆಯ ಮಾನ್ಯತೆ ಇದೆ. ಆದರೆ ಗಿರಾಕಿ ನಿಮ್ಮ ಕಣ್ಣೆದುರೇ ಆ್ಯಪ್ ತೆರೆದು ‘ಇಶ್ಯೂಡ್ ಡಾಕ್ಯುಮೆಂಟ್ಸ್’ ವಿಭಾಗದಿಂದ ತೋರಿಸಬೇಕು. ಅದೇ ಆ್ಯಪ್‌ನ ‘ಡ್ರೈವ್’ನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಅಪ್‌ಲೋಡ್ ಮಾಡಿಟ್ಟುಕೊಳ್ಳಬಹುದು, ಅದಕ್ಕೆ ಆ ಮಾನ್ಯತೆ ಇಲ್ಲ. ಹುಡುಗರು ಬುದ್ಧಿ ಓಡಿಸುವುದು ಇಲ್ಲಿಯೇ.

ಆಧಾರ್ ಬಗ್ಗೆ ಸ್ವಲ್ಪ ವಿವರ ಬೇಕು. ಅದು ಗುರುತಿನ ದಾಖಲೆ, ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ ಎಂದು ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ 2023ರ ಡಿಸೆಂಬರ್‌ನಲ್ಲೇ ಸ್ಪಷ್ಟಪಡಿಸಿದೆ. ಆದರೂ ಹೆಚ್ಚಿನವರ ಜೇಬಿನಲ್ಲಿರುವುದು ಅದೇ. ನಮ್ಮ ಸಲಹೆ: ಚೀಟಿಯ ತಾರೀಖಿಗಿಂತ ವರ್ಷಗಟ್ಟಲೆ ಹಿಂದೆ ಹುಟ್ಟಿದವರಿಗೆ ಆಧಾರ್ ಸಾಕು. ಅಂಚಿನಲ್ಲಿರುವವರಿಗೆ ಡಿಎಲ್ ಅಥವಾ ಪಾಸ್‌ಪೋರ್ಟ್ ಕೇಳಿ. ಅನುಮಾನ ಬಂದರೆ ಆಧಾರ್‌ನ ಕ್ಯೂಆರ್ ಕೋಡನ್ನು ಎಂಆಧಾರ್ ಅಥವಾ ಯುಐಡಿಎಐನದೇ ಸ್ಕ್ಯಾನರ್ ಆ್ಯಪ್‌ನಲ್ಲಿ ಓದಿಸಿ. ಮಾಮೂಲಿ ಕ್ಯಾಮೆರಾದಲ್ಲಿ ಉದ್ದದ ಅಂಕಿಗಳ ಸಾಲು ಮಾತ್ರ ಕಾಣುತ್ತದೆ. ಆ್ಯಪ್‌ನಲ್ಲಿ ಹೆಸರು, ಜನ್ಮದಿನಾಂಕ, ಫೋಟೊ ಬರುತ್ತವೆ. ಮೇಲಿನ ಅಕ್ಷರ ತಿದ್ದಿದವರು ಕ್ಯೂಆರ್ ಒಳಗಿನದನ್ನು ತಿದ್ದಲಾರರು, ಏಕೆಂದರೆ ಅದಕ್ಕೆ ಡಿಜಿಟಲ್ ಸಹಿ ಇದೆ. ಎರಡೂ ತಾಳೆಯಾಗದಿದ್ದರೆ ಮಾತು ಮುಗಿಯಿತು.

ಡಿಎಲ್ ಇದೆ ಅಂದ ಮಾತ್ರಕ್ಕೆ 21 ಆಗಿಲ್ಲ. ಕಾರು, ಗೇರ್ ಬೈಕಿಗೆ 18ಕ್ಕೆ ಡಿಎಲ್ ಸಿಗುತ್ತದೆ. ಇದನ್ನೇ ತಾಳೆಗೆ ಬಳಸಿ: ಆ ವರ್ಗಗಳಿಗೆ ಡಿಎಲ್ ಕೊಟ್ಟ ತಾರೀಖು 3 ವರ್ಷಕ್ಕಿಂತ ಹಿಂದಿನದಾದರೆ ಹುಟ್ಟಿದ ತಾರೀಖಿಗೆ ಅದು ಆಸರೆ. ಹುಟ್ಟಿದ ದಿನಕ್ಕೂ ಡಿಎಲ್ ಕೊಟ್ಟ ದಿನಕ್ಕೂ 18 ವರ್ಷದ ಅಂತರವೇ ಇಲ್ಲದಿದ್ದರೆ ಯಾವುದೋ ಒಂದು ಸುಳ್ಳು. ಮತದಾರರ ಚೀಟಿಯೂ 18ಕ್ಕೇ ಬರುತ್ತದೆ, ಆದ್ದರಿಂದ ಅದರಲ್ಲೂ ತಾರೀಖನ್ನು ಓದಬೇಕು. ಪ್ಯಾನ್ ಕಾರ್ಡ್ ಮಕ್ಕಳಿಗೂ ಸಿಗುತ್ತದೆ, ಅದರಲ್ಲಿ ಫೋಟೊ ಇರುವುದಿಲ್ಲ. ಫೋಟೊ ಇಲ್ಲದ ಪ್ಯಾನ್ ಬಂದರೆ ವಾಪಸ್ ಕೊಡಿ. ಕಾಲೇಜು ಐಡಿ, ಆಫೀಸ್ ಐಡಿ ಬೇಡವೇ ಬೇಡ.

ಪ್ರಶ್ನೆ: ಕಾರ್ಡು ಅಸಲಿ, ಆದರೆ ಅಣ್ಣನದ್ದೋ ಗೆಳೆಯನದ್ದೋ ಆಗಿದ್ದರೆ?
– ಬಾರ್‌ಟೆಂಡರ್, ಮೈಸೂರು

ಹೆಚ್ಚು ಜಾಗ್ರತೆ ಬೇಕಾದದ್ದು ಇದಕ್ಕೇ. ಪರ್ಸಿನ ಪ್ಲಾಸ್ಟಿಕ್ ಕವರಿನೊಳಗೇ ತೋರಿಸಿದರೆ ಹೊರಗೆ ತೆಗೆದು ಕೊಡಲು ಹೇಳಿ, ಕೈಗೆ ತಗೊಳ್ಳಿ, ಕೌಂಟರ್ ಕೆಳಗೆ ಸಣ್ಣ ಟಾರ್ಚ್ ಇಟ್ಟುಕೊಂಡಿರಿ. ಕೂದಲು, ಗಡ್ಡ, ಕನ್ನಡಕ, ಮೈತೂಕ ಬದಲಾಗುತ್ತವೆ. ಕಿವಿಯ ಆಕಾರ, ಎರಡು ಕಣ್ಣಿನ ನಡುವಿನ ಅಂತರ, ಮೂಗಿನ ಬುಡ, ಗದ್ದ ಅಷ್ಟಾಗಿ ಬದಲಾಗುವುದಿಲ್ಲ. ಒಂದೊಂದನ್ನೇ ಹೋಲಿಸಿ. ಒಟ್ಟು ಮುಖ ನೋಡಿದರೆ ಅಣ್ಣತಮ್ಮಂದಿರು ಒಂದೇ ಥರ ಕಾಣುತ್ತಾರೆ. ಫೋಟೊ ಸುತ್ತ ಉಗುರು ಆಡಿಸಿ, ಮೇಲೆ ಅಂಟಿಸಿದ್ದರೆ ಅಂಚು ತಾಗುತ್ತದೆ.

ಇನ್ನೂ ಅನುಮಾನವಿದ್ದರೆ ಕಾರ್ಡು ನಿಮ್ಮ ಕೈಯಲ್ಲೇ ಇರುವಾಗ ಎರಡು ಪ್ರಶ್ನೆ ಕೇಳಿ. ವಿಳಾಸದ ಪಿನ್‌ಕೋಡ್ ಏನು? ಎಸ್ಸೆಸ್ಸೆಲ್ಸಿ ಯಾವ ವರ್ಷ? ಹುಟ್ಟಿದ ದಿನ ಕೇಳಬೇಡಿ, ಅದನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಎಸ್ಸೆಸ್ಸೆಲ್ಸಿ ಸಾಮಾನ್ಯವಾಗಿ 15–16ಕ್ಕೆ ಮುಗಿಯುತ್ತದೆ. 2003ರಲ್ಲಿ ಹುಟ್ಟಿದವರು 2018 ಅಥವಾ 2019 ಎಂದು ತಡವರಿಸದೆ ಹೇಳುತ್ತಾರೆ. ಅಣ್ಣನ ಕಾರ್ಡು ಹಿಡಿದವನು ಮನಸ್ಸಿನಲ್ಲೇ ಕೂಡಿ ಕಳೆಯಲು ಶುರುಮಾಡುತ್ತಾನೆ. ಆ ತಡವರಿಕೆ ಒಂದರಿಂದಲೇ ತೀರ್ಮಾನಿಸಬೇಡಿ, ಇನ್ನೊಂದು ದಾಖಲೆ ಕೇಳಿ. ನಾಲ್ಕೈದು ಜನ ಒಟ್ಟಿಗೆ ಬಂದರೆ ಎಲ್ಲರ ಕಾರ್ಡನ್ನೂ ಒಂದೇ ಸಲ ನೋಡಿ, ಒಬ್ಬೊಬ್ಬರದೇ ನೋಡಿದರೆ ಒಂದೇ ಕಾರ್ಡು ಹಿಂದಿನಿಂದ ಕೈದಾಟಿ ಮತ್ತೆ ಬರುತ್ತದೆ.

ಪ್ರಶ್ನೆ: ಹೊರದೇಶದವರ ದಾಖಲೆ?
– ಹೋಟೆಲ್ ನೌಕರ, ಹಂಪಿ ಸಮೀಪ

ಪಾಸ್‌ಪೋರ್ಟ್ ಕೇಳಿ. ಫೋಟೊ ಪುಟದ ಕೆಳಗಿನ ಎರಡನೇ ಸಾಲಿನಲ್ಲಿ ದೇಶದ ಮೂರು ಅಕ್ಷರದ ಸಂಕೇತವಾದ ಮೇಲೆ ಬರುವ ಆರು ಅಂಕಿ ಹುಟ್ಟಿದ ತಾರೀಖು, ವರ್ಷ–ತಿಂಗಳು–ದಿನದ ಕ್ರಮದಲ್ಲಿ. ಅದು ಮೇಲಿನದಕ್ಕೆ ಹೊಂದಬೇಕು. ಅಮೆರಿಕದ ಡಿಎಲ್‌ನಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೇಪಾಳದ ನಾಗರಿಕತಾ ಪತ್ರದಲ್ಲಿ ವಿಕ್ರಮ ಸಂವತ್ ಇದ್ದರೆ ಇಸವಿಯಿಂದ 57 ಕಳೆಯಿರಿ. ಪೌಷದ ಮಧ್ಯದಿಂದ ಚೈತ್ರದವರೆಗೆ ಹುಟ್ಟಿದವರಿಗೆ 56. 2061ರ ವೈಶಾಖ ಎಂದರೆ 2004ರ ಏಪ್ರಿಲ್–ಮೇ.

ಪ್ರಶ್ನೆ: ಇಲ್ಲ ಅಂದರೆ ಜಗಳಕ್ಕೆ ಬರುತ್ತಾರೆ. ನಕಲಿ ಕಾರ್ಡನ್ನು ಕಿತ್ತಿಟ್ಟುಕೊಳ್ಳಬಹುದೇ?
– ಬಾರ್ ನೌಕರ, ದಾವಣಗೆರೆ

ಕಿತ್ತಿಟ್ಟುಕೊಳ್ಳಬೇಡಿ, ಆ ಅಧಿಕಾರ ನಿಮಗಿಲ್ಲ. ನಿಮ್ಮ ಮೊಬೈಲ್‌ನಲ್ಲಿ ಅದರ ಫೋಟೊ ಹೊಡೆದುಕೊಳ್ಳುವುದೂ ಬೇಡ, ವಿಶೇಷವಾಗಿ ಹೆಣ್ಣುಮಕ್ಕಳ ವಿಳಾಸವಿರುವ ಕಾರ್ಡನ್ನು. ನೋಡಿ, ವಾಪಸ್ ಕೊಡಿ.

ಜಗಳ ಹೆಚ್ಚಾಗಿ ಹುಟ್ಟುವುದು ಒಬ್ಬರನ್ನು ಕೇಳಿ ಪಕ್ಕದವರನ್ನು ಬಿಟ್ಟಾಗ. ಮೂವತ್ತರ ಒಳಗೆ ಕಾಣುವ ಎಲ್ಲರನ್ನೂ ಕೇಳುವ ಪದ್ಧತಿ ಇಟ್ಟುಕೊಂಡರೆ ‘ನಮ್ಮನ್ನೇ ಯಾಕೆ’ ಅನ್ನುವ ಮಾತು ಬರುವುದಿಲ್ಲ. ಆರ್ಡರ್ ತೆಗೆದುಕೊಳ್ಳುವ ಮುಂಚೆಯೇ ಕೇಳಿ, ಬಾಟಲಿ ತೆರೆದ ಮೇಲಲ್ಲ. ‘ಸಾರ್, ಐಡಿ ಒಂದ್ಸಲ ತೋರಿಸ್ತೀರಾ, ಎಲ್ಲರ್ದೂ ನೋಡ್ತೀವಿ’ ಅಂದರೆ ಸಾಕು. ಇಲ್ಲ ಅನ್ನಬೇಕಾದಾಗ ‘ನಿಮ್ಮದು ಡೂಪ್ಲಿಕೇಟ್’ ಅನ್ನಬೇಡಿ. ‘ಈ ಕಾರ್ಡ್ ಮೇಲೆ ಕೊಡೋಕಾಗಲ್ಲ ಸಾರ್, ಬೇರೆ ಇದ್ರೆ ತನ್ನಿ. ಸದ್ಯಕ್ಕೆ ಫ್ರೆಶ್ ಲೈಮ್ ಕೊಡ್ಲಾ?’ ಅನ್ನಿ. ಗೆಳೆಯರ ಎದುರು ಮಾನ ಉಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಆಮೇಲೆ ಆ ಟೇಬಲ್ ಮೇಲೆ ಕಣ್ಣಿಡಿ. 21 ದಾಟಿದ ಒಬ್ಬರು ಎರಡು ಗ್ಲಾಸು ಆರ್ಡರ್ ಮಾಡಿ ಒಂದನ್ನು ಚಿಕ್ಕವನ ಕಡೆ ತಳ್ಳಬಹುದು. ಕುಡಿಯುವವರ ತಲೆ ಎಷ್ಟೋ ಅಷ್ಟೇ ಗ್ಲಾಸು ಕಳಿಸಿ, ಶಿಫ್ಟ್ ಬದಲಾಗುವಾಗ ಯಾವ ಟೇಬಲ್‌ನಲ್ಲಿ ಯಾರಿಗೆ ಇಲ್ಲ ಅಂದಿದ್ದೀರಿ ಅಂತ ಮುಂದಿನವರಿಗೆ ಹೇಳಿ ಹೋಗಿ. ಕೈ ಎತ್ತಿದರೆ ಕೌಂಟರ್ ದಾಟಿ ಹೊರಗೆ ಬರಬೇಡಿ, ಮ್ಯಾನೇಜರ್‌ನನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.