ಸೈನ್ಯದಲ್ಲಿದ್ದ ತಂದೆಯವರ ಬಗ್ಗೆ ಏನು ಬರೆಯಲಿ?

ನಿಮ್ಮ ತಂದೆ 1971ರ ಯುದ್ಧದಲ್ಲಿದ್ದರು, ಮನೆಯಲ್ಲಿ ಅದರ ಮಾತೇ ಎತ್ತುತ್ತಿರಲಿಲ್ಲ, ಈಗ ಪುಣ್ಯತಿಥಿಗೆ ಅವರ ಬಗ್ಗೆ ಏನು ಬರೆಯಲಿ ಅಂತ ಕೇಳಿದ್ದೀರಿ. ನಮ್ಮ ಮುತ್ಯಾ, ಅಂದರೆ ಅಜ್ಜ, ಕೂಡ ಹಾಗೇ ಇದ್ದರು. ಕಲಬುರಗಿ ಜಿಲ್ಲೆ ಸೇಡಂ ಕಡೆಯವರು, ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಅವರು ಹೋದ ಮೇಲೆ ನಾನೂ ಅವರ ಬಗ್ಗೆ ಬರೆದಿದ್ದೆ.

ಮೊದಲು ಅವರ ಟ್ರಂಕ್ ತೆಗೆದು ಡಿಸ್ಚಾರ್ಜ್ ಬುಕ್ ಹುಡುಕಿ. ಯಾವ ರೆಜಿಮೆಂಟು, ಎಷ್ಟು ವರ್ಷ ಸರ್ವಿಸ್, ಯಾವ ಪದಕ, ಎಲ್ಲ ಅದರಲ್ಲಿರುತ್ತದೆ. ಪೂರ್ವಿ ಸ್ಟಾರ್ ಇದ್ದರೆ ಬಾಂಗ್ಲಾ ಕಡೆ ಇದ್ದರು ಅಂತ, ಪಶ್ಚಿಮಿ ಸ್ಟಾರ್ ಇದ್ದರೆ ಪಶ್ಚಿಮ ಗಡಿಯಲ್ಲಿ. ಬುಕ್ ಸಿಗದಿದ್ದರೆ ಪೆನ್ಷನ್ ಕಾಗದದಲ್ಲಿ ಸರ್ವಿಸ್ ನಂಬರ್ ಇರುತ್ತದೆ, ಅದನ್ನು ಕೊಟ್ಟು ಅವರ ರೆಕಾರ್ಡ್ ಆಫೀಸಿಗೆ ಬರೆಯಿರಿ.

ಮುತ್ಯಾಗೆ ಸಿಕ್ಕಿದ್ದು ಪಶ್ಚಿಮಿ ಸ್ಟಾರ್. ಟ್ಯಾಂಕು ಮುಂದೆ ಹೋಗಬೇಕಾದರೆ ನೆಲದಲ್ಲಿ ಹೂತಿಟ್ಟ ಮೈನ್‌ಗಳನ್ನು ತೆಗೆದು ದಾರಿ ಮಾಡುವವರು ಸ್ಯಾಪರ್‌ಗಳು. ಡಿಸೆಂಬರ್ 15ರ ರಾತ್ರಿ ಪಶ್ಚಿಮ ಗಡಿಯ ಬಸಂತರ್ ನದಿ ಹತ್ತಿರ ಮದ್ರಾಸ್ ಸ್ಯಾಪರ್ಸ್‌ನವರು ಗುಂಡಿನ ಮಳೆಯಲ್ಲೇ ಈ ಕೆಲಸ ಮಾಡಿದರು. ಮುತ್ಯಾ ಅಲ್ಲೇ ಇದ್ದರು ಅಂತ ನಾನು ಬರೆಯಲಿಲ್ಲ, ಅವರ ಕಾಗದದಲ್ಲಿ ಅಷ್ಟು ವಿವರ ಇರಲಿಲ್ಲ. ನೀವೂ ಇದ್ದಷ್ಟೇ ಬರೆಯಿರಿ, ಸುಮ್ನೆ ದೊಡ್ಡದು ಮಾಡಬೇಡಿ.

ಆದರೆ ಜಾಸ್ತಿ ಸಿಕ್ಕಿದ್ದು ಆಯಿಯಿಂದ, ಅಂದರೆ ಅಜ್ಜಿಯಿಂದ. ಮುತ್ಯಾ ಬರೆದ ಪತ್ರಗಳನ್ನು ಅವರು ಸೀರೆ ಮಡಿಕೆಯಲ್ಲಿ ಇಟ್ಟಿದ್ದರು. ಮೇಲೆ 56 ಎ.ಪಿ.ಓ. ಅಂತ ಸೈನ್ಯದ ಅಂಚೆ ವಿಳಾಸ ಅಷ್ಟೇ, ಊರಿನ ಹೆಸರಿಲ್ಲ. ಆಯಿಗೆ ಓದಲು ಬರುತ್ತಿರಲಿಲ್ಲ, ಶಾಲೆಯ ಮಾಸ್ತರರು ಓದಿ ಹೇಳುತ್ತಿದ್ದರಂತೆ. ಯುದ್ಧದ ಸುದ್ದಿ ಒಂದಕ್ಷರ ಇಲ್ಲ. ತೊಗರಿ ಹೂವು ಹಿಡಿಯಿತಾ, ಎತ್ತಿನ ಕಾಲು ನೆಟ್ಟಗಾಯಿತಾ, ಅವ್ವನ ಕಣ್ಣಿಗೆ ಔಷಧ ಹಾಕ್ತಾ ಇದ್ದೀರಾ, ಬರೀ ಇದೇ.

ಡಿಸೆಂಬರ್ 17ಕ್ಕೆ ಪಶ್ಚಿಮ ಗಡಿಯಲ್ಲಿ ಯುದ್ಧ ನಿಂತಿತು. ಆ ವರ್ಷ ಎಳ್ಳಮಾವಾಸ್ಯೆಯೂ ಅದೇ ಹೊತ್ತಿಗೆ ಬಂದಿತ್ತು. ಎಲ್ಲರೂ ಸಜ್ಜಿ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಭೂಮಿತಾಯಿಗೆ ಎಡೆ ಕೊಟ್ಟು) ಉಂಡರು, ಆಯಿಗೆ ಮಾತ್ರ ತುತ್ತು ಇಳಿಯಲಿಲ್ಲ, ಗಂಡ ಬದುಕಿದ್ದಾರೋ ಇಲ್ಲವೋ ಅನ್ನುವುದೇ ಗೊತ್ತಿರಲಿಲ್ಲ, ಪತ್ರ ಬಂದಿದ್ದು ಎಷ್ಟೋ ದಿನ ಆದ ಮೇಲೆ.

ಪೆನ್ಷನ್ ಬಂದ ಮೇಲೆ ಮುತ್ಯಾ ಪ್ರತಿ ಎಳ್ಳಮಾವಾಸ್ಯೆಗೂ ಹೊಲದಲ್ಲಿ ತಾವೇ ಆಯಿಗೆ ಮೊದಲು ಬಡಿಸಿ, ಅವರು ಉಂಡ ಮೇಲೆ ತಾವು ಕೂರುತ್ತಿದ್ದರು. ನಮ್ಮ ಕಡೆ ಆಗ ಯಾವ ಗಂಡಸೂ ಹಾಗೆ ಮಾಡುತ್ತಿರಲಿಲ್ಲ. ಚಿಕ್ಕವರಾಗಿದ್ದಾಗ ನಾವು ಅದನ್ನು ನೋಡುತ್ತಲೇ ಬೆಳೆದೆವು, ಯಾಕೆ ಅಂತ ತಿಳಿದಿದ್ದು ಅವರು ಹೋದ ಮೇಲೆ ಆಯಿ ಬಾಯಿಬಿಟ್ಟಾಗ. ನಾನು ಬರೆದಿದ್ದರಲ್ಲಿ ಊರವರು ಇವತ್ತಿಗೂ ನೆನೆಸುವುದು ಇದನ್ನೇ. ವೀರಯೋಧ ಅಂತ ಬ್ಯಾನರ್‌ನಲ್ಲಿ ಹೇಗೂ ಹಾಕಿಸುತ್ತಾರೆ.

ನಿಮ್ಮ ತಾಯಿ ಇದ್ದರೆ ಈ ವಾರವೇ ಅವರ ಹತ್ತಿರ ಕೂತು ಕೇಳಿ. ಯುದ್ಧದ ಬಗ್ಗೆ ಕೇಳಬೇಡಿ. ರಜೆ ಮುಗಿಸಿ ಹೊರಡುವಾಗ ಏನು ಹೇಳಿ ಹೋಗುತ್ತಿದ್ದರು, ಪತ್ರ ಬಾರದ ದಿನಗಳಲ್ಲಿ ಮನೆ ಹೇಗೆ ನಡೆಯಿತು, ವಾಪಸ್ ಬಂದವರು ಮೊದಲು ಯಾರನ್ನು ಎತ್ತಿಕೊಂಡರು, ಇಂಥದ್ದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.