ವಾಹನ ಪ್ರಶ್ನೋತ್ತರ: ಬಟನ್ ಒತ್ತಿದರೆ ಬರೀ ಟಕ ಟಕ

ಪ್ರಶ್ನೆ: ನನ್ನ ಸ್ಪೋರ್ಟ್ಸ್ ಕಾರು ಹತ್ತು ದಿನ ನಿಂತಲ್ಲೇ ನಿಂತಿತ್ತು. ಮೊನ್ನೆ ಸ್ಟಾರ್ಟ್ ಬಟನ್ ಒತ್ತಿದಾಗ ಟಕ ಟಕ ಸದ್ದು ಬಂತೇ ಹೊರತು ಎಂಜಿನ್ ತಿರುಗಲಿಲ್ಲ. ಎಬಿಎಸ್, ಏರ್‌ಬ್ಯಾಗ್, ಸ್ಟೀರಿಂಗ್ ಎಚ್ಚರಿಕೆ ದೀಪಗಳು ಒಟ್ಟಿಗೇ ಹೊತ್ತಿಕೊಂಡವು. ಸ್ಕ್ಯಾನರ್‌ನಲ್ಲಿ 23 ದೋಷ ಕೋಡ್‌ಗಳು ಕಂಡವು. ಬ್ಯಾಟರಿ ಹಾಕಿಸಿ ಆರು ತಿಂಗಳೂ ಆಗಿಲ್ಲ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ವ್ಯವಸ್ಥೆಗಳು ಒಂದೇ ಬೆಳಿಗ್ಗೆ ಕೆಡುವುದು ಅಪರೂಪ. ಅವೆಲ್ಲಕ್ಕೂ ವಿದ್ಯುತ್ ಒದಗಿಸುವ ಮೂಲವೇ ಸೊರಗಿರುವ ಸಂಭವ ಹೆಚ್ಚು. ಸ್ಟಾರ್ಟರ್ ಮೋಟರ್ ನೂರಾರು ಆಂಪಿಯರ್ ಎಳೆಯುವ ಹೊತ್ತಿಗೆ ವೋಲ್ಟೇಜ್ ಕುಸಿದರೆ ಕಾರಿನ ನಿಯಂತ್ರಣ ಘಟಕಗಳು ಅರೆಕ್ಷಣ ಮೂಕವಾಗುತ್ತವೆ, ಉಳಿದ ಘಟಕಗಳು ‘ಇದು ಉತ್ತರಿಸುತ್ತಿಲ್ಲ’ ಎಂದು ಒಂದರ ಮೇಲೊಂದು ದೂರು ಬರೆದಿಡುತ್ತವೆ. ‘ಯು’ ಅಕ್ಷರದಿಂದ ಶುರುವಾಗುವ ಕೋಡ್‌ಗಳು ಇಂಥ ದೂರುಗಳೇ. ಎಲ್ಲವನ್ನೂ ಗುರುತು ಹಾಕಿಕೊಂಡು ಅಳಿಸಿ, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಕಾರು ಓಡಿಸಿದ ಮೇಲೆ ಮತ್ತೆ ಓದಿಸಿರಿ. ಮರಳಿ ಬಂದವುಗಳ ಬೆನ್ನು ಹತ್ತಿದರೆ ಸಾಕು.

ಚಾರ್ಜ್ ಆದ ಬ್ಯಾಟರಿ ಕೆಲವು ಗಂಟೆ ವಿಶ್ರಮಿಸಿದ ಬಳಿಕ ಸುಮಾರು 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸಬೇಕು. 12.2ರ ಆಸುಪಾಸಿನಲ್ಲಿದ್ದರೆ ಅದು ಅರ್ಧ ಖಾಲಿಯಾಗಿದೆ ಎಂದರ್ಥ. ಎಂಜಿನ್ ತಿರುಗುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ, ಹೊಸದೇ ಆಗಿದ್ದರೂ ಬ್ಯಾಟರಿಯನ್ನು ಹೊರೆ ಹಾಕಿ ಪರೀಕ್ಷಿಸುವ ಲೋಡ್ ಟೆಸ್ಟರ್‌ಗೆ ಒಡ್ಡಬೇಕು. ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಸೆನ್ಸರ್ ಇರುವ ಅನೇಕ ಮಾದರಿಗಳಲ್ಲಿ, ಬ್ಯಾಟರಿ ಬದಲಾದ ಸಂಗತಿಯನ್ನು ಸ್ಕ್ಯಾನರ್ ಮೂಲಕ ಕಾರಿಗೆ ತಿಳಿಸಬೇಕಾಗುತ್ತದೆ. ಇಲ್ಲವಾದರೆ ಅದು ಹಳೆಯ ಬ್ಯಾಟರಿಯ ಲೆಕ್ಕದಲ್ಲೇ ಹೊಸದನ್ನು ಚಾರ್ಜ್ ಮಾಡುತ್ತಿರುತ್ತದೆ. ಆರು ತಿಂಗಳ ಹಿಂದೆ ಈ ಕೆಲಸ ಆಗಿತ್ತೇ ಎಂದು ವಿಚಾರಿಸಿರಿ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಹತ್ತು ದಿನಗಳು. ಕಾರು ಮಲಗಿದಾಗಲೂ ಅಲಾರಂಗೆ, ಕೀಲಿಯ ಸಂಕೇತ ಹಿಡಿಯುವ ಸಾಧನಕ್ಕೆ ಚೂರು ವಿದ್ಯುತ್ ಬೇಕು. 50 ಮಿಲಿಆಂಪಿಯರ್‌ವರೆಗಿನ ಸೋರಿಕೆ ಸಾಮಾನ್ಯವಾಗಿ ಸಹಜವೇ. ಆ ಲೆಕ್ಕದಲ್ಲಿ ಹತ್ತು ದಿನಕ್ಕೆ ಹೋಗುವುದು 12 ಆಂಪಿಯರ್-ಗಂಟೆ. ಯಾವುದೋ ಘಟಕ ನಿದ್ದೆಗೆ ಜಾರದೆ ಅರ್ಧ ಆಂಪಿಯರ್ ಎಳೆಯುತ್ತಿದ್ದರೆ 70 ಆಂಪಿಯರ್-ಗಂಟೆಯ ಬ್ಯಾಟರಿ ಆರು ದಿನದಲ್ಲೇ ಬರಿದಾಗುತ್ತದೆ. ಪತ್ತೆ ಹಚ್ಚಲು ತಾಳ್ಮೆ ಬೇಕು. ಬಾನೆಟ್ ತೆರೆದಿಟ್ಟು, ಅದರ ಲಾಕ್‌ನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಬಾನೆಟ್ ಮುಚ್ಚಿದೆಯೆಂದು ಕಾರನ್ನು ನಂಬಿಸಿರಿ. ಕೀಲಿಯನ್ನು ದೂರ ಇಟ್ಟು, ನೆಗೆಟಿವ್ ಕೇಬಲ್‌ಗೆ ಸಣ್ಣ ಕರೆಂಟನ್ನೂ ಅಳೆಯಬಲ್ಲ ಡಿಸಿ ಕ್ಲಾಂಪ್ ಮೀಟರ್ ಸಿಕ್ಕಿಸಿ, ಮುಕ್ಕಾಲು ಗಂಟೆ ಕಾಯಿರಿ. ಮೀಟರಿನ ಓದು ಇಳಿಯದಿದ್ದರೆ ಫ್ಯೂಸ್‌ಗಳನ್ನು ಕೀಳಬೇಡಿ, ಕಿತ್ತು ಹಾಕುವಾಗ ಮಲಗಿದ ಘಟಕಗಳು ಮತ್ತೆ ಎಚ್ಚರಗೊಳ್ಳುತ್ತವೆ. ಪ್ರತಿ ಫ್ಯೂಸಿನ ಬೆನ್ನ ಮೇಲಿನ ಎರಡು ಲೋಹದ ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಸೊನ್ನೆಯಲ್ಲದ ಓದು ಬಂದ ಫ್ಯೂಸಿನ ಮೂಲಕ ಕರೆಂಟ್ ಹರಿಯುತ್ತಿದೆ. ನನ್ನ ಮೊದಲ ಅನುಮಾನ ಸದಾ ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್, ಟ್ರ್ಯಾಕರ್‌ಗಳ ಮೇಲೆಯೇ.

ಸೋರಿಕೆಯೂ ಇಲ್ಲ, ವೋಲ್ಟೇಜೂ ಸರಿಯಿದೆ, ಆದರೂ ‘ಯು’ ಕೋಡ್‌ಗಳು ಮರಳುತ್ತಿವೆ ಎಂದಾದರೆ ಮಾತ್ರ ಘಟಕಗಳು ಪರಸ್ಪರ ಮಾತಾಡುವ ತಂತಿಗಳ ಜಾಲವಾದ ಕ್ಯಾನ್ ಜಾಲದತ್ತ ನೋಡಿರಿ. ಬ್ಯಾಟರಿ ಕಳಚಿ ಈ ಜಾಲದ ಎರಡು ತಂತಿಗಳ ನಡುವೆ ಅಳೆದರೆ, ಎರಡು ತುದಿಗಳ 120 ಓಮ್ ಪ್ರತಿರೋಧಕಗಳು ಸೇರಿ ಸುಮಾರು 60 ಓಮ್ ಬರಬೇಕು. ಇಸಿಯು ಬದಲಾವಣೆಯ ಮಾತು ಅದರ ನಂತರದ್ದು.

ಪ್ರಶ್ನೆ: ತಣ್ಣಗಿದ್ದಾಗ ನನ್ನ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ವೇಗವಾಗಿ ಓಡಿಸಿ ಹತ್ತು ನಿಮಿಷ ನಿಲ್ಲಿಸಿದರೆ ಆಗುವುದಿಲ್ಲ, ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿಯಾಗುತ್ತದೆ. ಏನಿದು?

ಉತ್ತರ: ಎಂಜಿನ್ ತಿರುಗುತ್ತಲೇ ಇಲ್ಲವೋ, ತಿರುಗಿಯೂ ಹೊತ್ತಿಕೊಳ್ಳುವುದಿಲ್ಲವೋ ಎಂಬುದನ್ನು ನೀವು ಬರೆದಿಲ್ಲ, ದಾರಿ ಕವಲೊಡೆಯುವುದು ಅಲ್ಲಿಯೇ. ತಿರುಗಿಯೂ ಹೊತ್ತಿಕೊಳ್ಳದಿದ್ದರೆ, ಬಿಸಿಯಾದಾಗ ಸಂಕೇತ ಕಳೆದುಕೊಳ್ಳುವ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಗುರುತಿಸುವ ಸೆನ್ಸರ್) ಮೊದಲ ಶಂಕಿತ. ತಿರುಗದೇ ಇದ್ದರೆ ಸ್ಟಾರ್ಟರ್ ಮೋಟರನ್ನೂ ಅದರ ಕೇಬಲ್‌ಗಳನ್ನೂ ನೋಡಬೇಕು. ಇಕ್ಕಟ್ಟಾದ ಎಂಜಿನ್ ಕೋಣೆಯಲ್ಲಿ ಸ್ಟಾರ್ಟರ್ ಎಕ್ಸಾಸ್ಟ್‌ಗೆ ಹತ್ತಿರವಿರುತ್ತದೆ, ನಿಲ್ಲಿಸಿದ ಕೂಡಲೇ ಗಾಳಿಯ ಹರಿವು ನಿಂತು ಶಾಖವೆಲ್ಲ ಅಲ್ಲೇ ತುಂಬಿಕೊಳ್ಳುತ್ತದೆ. ತಾಮ್ರ 20ರಿಂದ 120 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಅದರ ಪ್ರತಿರೋಧ ಸುಮಾರು ಶೇಕಡ 39ರಷ್ಟು ಹೆಚ್ಚುತ್ತದೆ. ತೂಕದ ಸಮತೋಲಕ್ಕಾಗಿ ಬ್ಯಾಟರಿಯನ್ನು ಎಂಜಿನ್‌ನಿಂದ ದೂರ ಇಟ್ಟ ಕಾರುಗಳಲ್ಲಿ ಉದ್ದ ಕೇಬಲ್‌ನ ನಷ್ಟವೂ ಇದಕ್ಕೆ ಸೇರುತ್ತದೆ.

ಮೋಟರ್ ಬದಲಿಸುವ ಮುನ್ನ, ಕಾರು ಬಿಸಿಯಿದ್ದಾಗಲೇ ಒಬ್ಬರು ಬಟನ್ ಒತ್ತಲಿ, ಇನ್ನೊಬ್ಬರು ಎಂಜಿನ್ ಬ್ಲಾಕ್ ಮತ್ತು ಬ್ಯಾಟರಿಯ ನೆಗೆಟಿವ್ ತುದಿಯ ನಡುವೆ ವೋಲ್ಟೇಜ್ ಓದಲಿ. ಅರ್ಧ ವೋಲ್ಟ್ ದಾಟಿದರೆ ಎಂಜಿನ್ನನ್ನು ಕಾರಿನ ಲೋಹದ ದೇಹಕ್ಕೆ ಜೋಡಿಸುವ ಅರ್ತ್ ಪಟ್ಟಿಯಲ್ಲಿ ಅಥವಾ ನೆಗೆಟಿವ್ ಕೇಬಲ್‌ನಲ್ಲಿ ದೋಷವಿದೆ. 200 ಆಂಪಿಯರ್ ಹರಿಯುವಲ್ಲಿ 0.02 ಓಮ್‌ನಷ್ಟು ತುಕ್ಕು ಇದ್ದರೂ 4 ವೋಲ್ಟ್ ನಷ್ಟವಾಗುತ್ತದೆ; ಅಷ್ಟು ಸಣ್ಣ ಪ್ರತಿರೋಧ ಸಾಮಾನ್ಯ ಮಲ್ಟಿಮೀಟರ್‌ನ ಓಮ್ ಅಳತೆಗೆ ಸಿಗುವುದೇ ಇಲ್ಲ.

ಪ್ರಶ್ನೆ: ಲಿಥಿಯಂ ಸ್ಟಾರ್ಟರ್ ಬ್ಯಾಟರಿಗೆ ಮನೆಯಲ್ಲಿರುವ ಹಳೆಯ ಚಾರ್ಜರ್ ಬಳಸಬಹುದೇ?

ಉತ್ತರ: ಬೇಡ. ಪೋರ್ಷೆ 2009ರಲ್ಲಿ 911 ಜಿಟಿ3ಗೆ ಇಂಥ ಬ್ಯಾಟರಿಯನ್ನು ಐಚ್ಛಿಕವಾಗಿ ಪ್ರಕಟಿಸಿದಾಗ ಅದರ ಆಕರ್ಷಣೆ ಇದ್ದದ್ದು ಹತ್ತು ಕಿಲೋಗೂ ಹೆಚ್ಚು ತೂಕ ಇಳಿಯುವುದರಲ್ಲಿ. ಒಳಗಿನ ರಸಾಯನವಂತೂ ಸೀಸದ ಬ್ಯಾಟರಿಗಿಂತ ಪೂರ್ತಿ ಬೇರೆ. ಸೀಸದ ಬ್ಯಾಟರಿಯ ಫಲಕಗಳಿಗೆ ಅಂಟಿದ ಸಲ್ಫೇಟ್ ಬಿಡಿಸಲು ಹಳೆಯ ಚಾರ್ಜರ್‌ಗಳು ಕೊಡುವ ಹೆಚ್ಚಿನ ವೋಲ್ಟೇಜಿನ ತುಡಿತ ಲಿಥಿಯಂ ಕೋಶಗಳನ್ನು ಹಾಳುಮಾಡಬಹುದು. ಲಿಥಿಯಂಗೆಂದೇ ಗುರುತು ಮಾಡಿರುವ, ಬ್ಯಾಟರಿ ತಯಾರಕರು ಒಪ್ಪಿರುವ ಚಾರ್ಜರನ್ನೇ ಬಳಸಿರಿ.