ಚನ್ನಮ್ಮ ವೃತ್ತದ ಮೇಲ್ಸೇತುವೆ ಮತ್ತು ಪಾಲಿಕೆಯ ಕಿಸೆ

ಮಾಸ್ತರೆ, ನಮಸ್ಕಾರ.

ನಮ್ಮ ಬೆಳಗಾವಿಯ ವಡಗಾವಿಯಿಂದ ನೀವು ಬರೆದ ಪತ್ರ ಬಂತು. ನಾಲ್ಕು ಪುಟ, ಅದೂ ಕೈಬರಹ! ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಅದಕ್ಕೆ ತಿರುಳನ್ನಷ್ಟೇ ಓದುಗರಿಗೆ ಹೇಳುತ್ತೇನೆ. ಚನ್ನಮ್ಮ ವೃತ್ತ ದಾಟಲು ಸ್ಕೂಟರ್ ಮೇಲೆ ಕಾಲು ತಾಸು ಕಾಯುತ್ತೀರಿ. ಮನೆ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿ ಶೇ. 5 ರಿಯಾಯಿತಿ ಪಡೆಯುತ್ತೀರಿ. "58 ಜನ ನಗರಸೇವಕರು ಸೇರಿ ಒಂದು ಮೇಲ್ಸೇತುವೆ ಕಟ್ಟಿಸಲಾರರೇನ್ರೀ? ಆಗದಿದ್ದರೆ ಪಾಲಿಕೆ ಯಾಕೆ ಬೇಕು?" ಎಂದು ಕೇಳಿದ್ದೀರಿ.

ಕಟ್ಟಿಸಲಾರರು. ಅದು ನೇರ ಉತ್ತರ.

ನಿಮ್ಮ ಚಿಕ್ಕಂದಿನಲ್ಲಿ ಊರ ಬಾಗಿಲಲ್ಲಿ ಜಕಾತಿ ನಾಕಾ ಇತ್ತಲ್ಲ? ಒಳಗೆ ಬರುವ ಸರಕಿನ ಮೇಲೆ ವಸೂಲಿ. ಆ ರೊಕ್ಕ ಊರಿನ ಕಿಸೆಗೇ ಬೀಳುತ್ತಿತ್ತು. 1979ರಲ್ಲಿ ರಾಜ್ಯದಲ್ಲಿ ಅದು ರದ್ದಾಯಿತು. ಜಾಹೀರಾತು ತೆರಿಗೆಯನ್ನು 2017ರಲ್ಲಿ ಜಿಎಸ್‌ಟಿ ನುಂಗಿತು. ನಿಮ್ಮ ಸ್ಕೂಟರಿನ ತೆರಿಗೆ ಬೆಂಗಳೂರಿಗೆ ಹೋಗುತ್ತದೆ. ಪೆಟ್ರೋಲಿನದು ಬೆಂಗಳೂರು, ದಿಲ್ಲಿ ಎರಡಕ್ಕೂ. ವಾಹನದ ಗದ್ದಲ ಮಾತ್ರ ನಮಗೆ. ಪಾಲಿಕೆಗೆ ಸ್ವಂತದ್ದೆಂದು ಉಳಿದದ್ದು ಮುಖ್ಯವಾಗಿ ಆಸ್ತಿ ತೆರಿಗೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ 2021ರಿಂದ 2026ರವರೆಗೆ ಇತ್ತು, ನಿಜ. ಆದರೆ ನಮ್ಮಂಥ ಊರಿಗೆ ಅದರಲ್ಲಿ ನೂರಕ್ಕೆ 60 ರೂಪಾಯಿ ಕುಡಿಯುವ ನೀರಿಗೆ, ಸ್ವಚ್ಛತೆಗೆ ಎಂದು ಮೊದಲೇ ಕಟ್ಟಿಟ್ಟದ್ದು.

"ಸಾಲ ಮಾಡಲಿ, ಪುಣೆಯವರು ಮಾಡಿಲ್ಲವೆ?" ಎಂದೂ ಬರೆದಿದ್ದೀರಿ. ಮಾಡಿದ್ದಾರೆ. 2017ರಲ್ಲಿ ಪುಣೆ ಪಾಲಿಕೆ ಬಾಂಡ್ ಹೊರಡಿಸಿ 200 ಕೋಟಿ ಎತ್ತಿತು. ಅಹಮದಾಬಾದಿನವರು 1998ರಲ್ಲೇ 100 ಕೋಟಿ ಎತ್ತಿದ್ದರು. ಆದರೆ ಇಬ್ಬರೂ ಸಾಲ ತಂದದ್ದು ನೀರಿನ ಯೋಜನೆಗೆ. ನೀರಿಗೆ ಬಿಲ್ ಹಾಕಬಹುದು, ಸಾಲ ಕೊಟ್ಟವನಿಗೆ ಧೈರ್ಯ ಇರುತ್ತದೆ. ಮೇಲ್ಸೇತುವೆ ಹತ್ತಿದವರ ಹತ್ತಿರ ಪಾಲಿಕೆ ಏನು ಕೇಳಬೇಕು? ಟಿಕೆಟ್ ಹರಿಯುವುದೆ?

ಹಾಗಂತ ಎಲ್ಲವನ್ನೂ ರೊಕ್ಕದ ಮೇಲೆ ಹಾಕಿದರೆ ನಾನು ಒಪ್ಪುವುದಿಲ್ಲ. ರೊಕ್ಕ ಬಂದಾಗ ಏನಾಯಿತು ನೋಡಿ. 2016ರ ಜನವರಿಯಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿ ಬಂತು. 20 ಊರುಗಳಲ್ಲಿ ಬೆಳಗಾವಿಯೂ ಒಂದು. ಕೇಂದ್ರದ್ದು 500 ಕೋಟಿ, ರಾಜ್ಯದ್ದು ಅಷ್ಟೇ ಎಂಬ ಲೆಕ್ಕ. ಕೆಲಸ ಮಾಡಿಸಿದ್ದು ಪಾಲಿಕೆ ಸಭೆಯಲ್ಲ, ಅದಕ್ಕೆಂದೇ ಹುಟ್ಟಿಸಿದ ಕಂಪನಿ. ಇನ್ನೊಂದು ತಮಾಷೆ. 2019ರ ಮಾರ್ಚ್‌ನಲ್ಲಿ ನಗರಸೇವಕರ ಅವಧಿ ಮುಗಿಯಿತು. ಚುನಾವಣೆ ಆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಮೇಯರ್ ಕುರ್ಚಿ ತುಂಬಿದ್ದು 2023ರ ಫೆಬ್ರವರಿಯಲ್ಲಿ. ಅಂದರೆ ಊರಿನ ರಸ್ತೆಗಳನ್ನು ಅಗೆದು ಮತ್ತೆ ಹಾಕಿದ ಆ ವರ್ಷಗಳಲ್ಲಿ, "ಇಲ್ಲಿ ಬೇಡ, ಅಲ್ಲಿ ಮಾಡಿ" ಎನ್ನುವ ಮೇಯರ್ ಇರಲಿಲ್ಲ. ಇದ್ದಿದ್ದರೂ ಅವರಿಗೆ ಸಿಗುವುದು ಒಂದೇ ವರ್ಷ. ಮೇಲ್ಸೇತುವೆಯ ನಕಾಶೆ ಮುಗಿಯಲಿಕ್ಕೇ ಅಷ್ಟು ಬೇಕು.

ಕಂಪನಿ ಕಟ್ಟಿತು, ಜೋಪಾನ ಮಾಡುವ ಭಾರ ಪಾಲಿಕೆಗೆ ಬಂತು. ನಮ್ಮ ಕಚೇರಿ ಮುಂದಿನ ಫುಟ್‌ಪಾತನ್ನೇ ಹೇಳುತ್ತೇನೆ. ಚಂದದ ಬೂದು, ಕೆಂಪು ಬಣ್ಣದ ಕಲ್ಲು ಹಾಸಿದ್ದರು. ಒಂದು ದಿನ ಯಾರೋ ಬಂದು ಪೈಪಿಗಾಗಿ ಆರು ಅಡಿ ಕಿತ್ತರು. ಕಲ್ಲುಗಳನ್ನು ಗೋಡೆಗೆ ಒಟ್ಟಿದರು. ಮೇಲೆ ಮಣ್ಣು ಎಳೆದು ಹೋದರು. ಮೊದಲ ಮಳೆಗೆ ಕುಸಿಯಿತು. ಕಲ್ಲುಗಳಲ್ಲಿ ಅರ್ಧ ಈಗ ಎದುರಿನ ಚಹಾದಂಗಡಿಯ ಬೆಂಚಿನ ಕಾಲಾಗಿವೆ. ಯಾರಿಗೆ ಹೇಳಬೇಕು ಎಂದು ನಾನು ಮೂರು ಕಡೆ ಫೋನ್ ಮಾಡಿದೆ, ಮೂವರೂ "ನಮ್ಮದಲ್ಲ" ಅಂದರು. ಆರು ಅಡಿಗೇ ಹೀಗೆ, ಮಾಸ್ತರೆ. ಮೇಲ್ಸೇತುವೆಯ ದೀಪ, ಮಳೆನೀರಿನ ಪೈಪು, ಕೆಳಗಿನ ಕತ್ತಲೆ ಇವನ್ನು ನೋಡುವವರು ಯಾರು?

ಜಾಗದ ಮಾತು ಬೇರೆ. ಹಳೇ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಗೆ ಕೂಡುವ ಶಹಾಪುರದ ರಸ್ತೆ ನೆನಪಿದೆಯಲ್ಲ? ಜಾಗಕ್ಕೆ 20 ಕೋಟಿ ಪರಿಹಾರ ಕೊಡಬೇಕಾದೀತು ಎಂದಾಗ 2024ರಲ್ಲಿ ಪಾಲಿಕೆ ತಲೆ ಮೇಲೆ ಕೈ ಹೊತ್ತು ಕೂತಿತು. ಇನ್ನು ಕ್ಯಾಂಪ್ ಕಡೆ ರಸ್ತೆ ಅಗಲ ಮಾಡಿ ಎಂದರೆ ಅಲ್ಲಿರುವುದು ದಂಡುಮಂಡಳಿ (ಕಂಟೋನ್ಮೆಂಟ್ ಬೋರ್ಡ್), ಪಾಲಿಕೆಯ ಕಾರುಬಾರೇ ನಡೆಯದು. ಗೋಗಟೆ ವೃತ್ತದ ಮೇಲ್ಸೇತುವೆ ಕಟ್ಟಿಸಿದ್ದು ರೈಲ್ವೆ. ಸಿಟಿ ಬಸ್ಸಿನ ಕೀಲಿ ಹುಬ್ಬಳ್ಳಿಯ ಸಾರಿಗೆ ನಿಗಮದ ಕೈಯಲ್ಲಿ.

ಮತ್ತೆ ಪಾಲಿಕೆಗೆ ಏನು ಕೇಳಬೇಕು? ಮೇಲ್ಸೇತುವೆಯನ್ನು ಕೇಳಬೇಡಿ, ಅದನ್ನು ಸರ್ಕಾರಕ್ಕೆ ಕೇಳಿ. ಸರ್ಕಾರ ಕಟ್ಟುತ್ತೇನೆ ಎಂದು ಬಂದ ದಿನ "ಎಲ್ಲಿ ಇಳಿಯುತ್ತದೆ, ಬಾಳಿಕೆಗೆ ರೊಕ್ಕ ಯಾರದು?" ಎಂದು ಸಭೆಯಲ್ಲಿ ಕೇಳಿ, ಠರಾವಿನಲ್ಲಿ ಬರೆಸುವ ನಗರಸೇವಕರನ್ನು ಕೇಳಿ. ವೃತ್ತದ ಎಡ ತಿರುವಿನಲ್ಲಿ ನಿಲ್ಲುವ ಟೆಂಪೋಗಳಿಗೆ ಬೇರೆ ಜಾಗ ಕೊಡಿಸಿ ಎಂದು ಕೇಳಿ. ಇದಕ್ಕೆ ಕೋಟಿ ಬೇಡ. ನಿಮ್ಮ ಕಾಲು ತಾಸಿನಲ್ಲಿ ಐದು ನಿಮಿಷ ಇದರಿಂದಲೇ ಉಳಿದೀತು ಎಂಬುದು ನನ್ನ ಅಂದಾಜು. ದಿನಾ ಅಲ್ಲಿ ನಾನೂ ನಿಲ್ಲುತ್ತೇನಲ್ಲ.

ಬಜೆಟ್‌ಗೆ ಮುಂಚೆ ನಾಗರಿಕರನ್ನು ಕರೆದು ಸಭೆ ಮಾಡುತ್ತಾರೆ. ಕಳೆದ ಸಲ ಹೋದಾಗ ಖಾಲಿ ಕುರ್ಚಿಗಳೇ ಜಾಸ್ತಿ ಇದ್ದವು. ಈ ಸಲ ಕೂಡಿಯೇ ಹೋಗೋಣ. ಹಿಂದಿನ ಬಜೆಟ್ ಪುಸ್ತಕ ನಮ್ಮ ಕಚೇರಿಯಲ್ಲಿದೆ, ಮೊದಲು ಒಂದು ಸಂಜೆ ಬಂದು ನೋಡಿ. ಕನ್ನಡಕ ಮರೆಯಬೇಡಿ, ಅಕ್ಷರ ಭಾಳ ಸಣ್ಣವು.

– ಸಂಪಾದಕ